ಬರೇ ಬಣ್ಣ

ನಮ್ಮ ಮನೆಯಲ್ಲಿ ಎಲ್ಲರೂ ಕೂತು ಉಣ್ಣುವ ಪಡಸಾಲೆಯ ಗೋಡೆಗೆ ನಾಲ್ಕು ತಗ್ಗುಗಳಿವೆ. ನಾಲ್ಕೂ ಸ್ಟೀಲಿನ ತಾಟಿನ ಅಂಚು ಬಡಿದು ಆದವು. ಮೊದಲನೆಯದು ನಾನು ಸೊಸೆಯಾಗಿ ಬರುವುದಕ್ಕಿಂತ ಹಿಂದಿನದು, ಉಳಿದ ಮೂರು ನನ್ನ ಕಣ್ಣೆದುರಿಗೇ ಬಿದ್ದವು. ದೀಪಾವಳಿಗೆ ಗೋಡೆ ಬಳಿಯುವವರು ಬಂದಾಗಲೆಲ್ಲ ಇವನ್ನು ಮುಚ್ಚಬೇಕೇ ಎಂದು ಕೇಳುತ್ತಿದ್ದರು, ಮಾವ ಬೇಡ ಎನ್ನುತ್ತಿದ್ದರು. ಈ ಸಲ ಮಾವನೇ ಮುಚ್ಚಿಬಿಡಿ ಎಂದರು. ನಾನು ಅಡ್ಡ ಬಂದು ಬೇಡ ಎಂದೆ. ಬಳಿಯುವವನು ಬ್ರಶ್ಶು ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿದ, ಆಮೇಲೆ ತಗ್ಗಿನ ಮೇಲೆಯೇ ಒಂದು ಕೈ ಎಳೆದು ಮುಂದೆ ಹೋದ.

ನಾನು ಈ ಮನೆಗೆ ಬಂದದ್ದು ಕರ್ಜಗಿಯಿಂದ. ತವರಿನಲ್ಲಿ ಅಪ್ಪನಿಗೆ ಸಿಟ್ಟು ಬಂದರೆ ಹಾಡಹಗಲೇ ಚಾದರ ಹೊದ್ದು ಮಲಗಿಬಿಡುತ್ತಿದ್ದ, ಅಷ್ಟೇ. ಬ್ಯಾಡಗಿಯ ಈ ಮನೆಯಲ್ಲಿ ಸಿಟ್ಟಿಗೆ ಕೈಕಾಲು ಇದ್ದವು. ಮಾವನದು ಮೆಣಸಿನಕಾಯಿ ದಲಾಲಿ ಅಂಗಡಿ. ಮಾರುಕಟ್ಟೆಗೆ ಬಂದ ಚೀಲದಿಂದ ಒಂದು ಕಾಯಿ ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿ, ಬೆಳಕಿಗೆ ಹಿಡಿದು ನೋಡಿದರೆ ಸಾಕು, ಅದು ಯಾವ ಹೊಲದ್ದು, ಎಷ್ಟು ದಿನ ಒಣಗಿದ್ದು, ಬಣ್ಣ ನಿಲ್ಲುತ್ತದೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದರು. ನಮ್ಮ ಊರಿನ ಕಾಯಿಗೆ ಹೆಸರು ಬಂದದ್ದು ಬಣ್ಣದಿಂದ, ಖಾರದಿಂದಲ್ಲ. ಹೊರಗಿನವರು ಆ ಕೆಂಪು ಕಂಡು ಹೆದರುತ್ತಾರೆ. ಮಾರುಕಟ್ಟೆಯವರು ಅದನ್ನು ಬೆರಳಲ್ಲಿ ಹಿಡಿದು "ಬರೇ ಬಣ್ಣ" ಎನ್ನುತ್ತಾರೆ. ಅದು ಹೊಗಳಿಕೆಯ ಮಾತು. ಮಾವ ಮಾತ್ರ ತಮ್ಮ ಊಟಕ್ಕೆ ಗುಂಟೂರಿನ ಖಾರದ ಕಾಯಿಯನ್ನೇ ತರಿಸುತ್ತಿದ್ದರು.

ಅವರ ಒಂದು ಕಟ್ಟಳೆ ಇತ್ತು. ಮನೆಯಲ್ಲಿ ಒಂದೇ ಗಡಿಗೆ ಇರಬೇಕು. ಈಗ ಗಡಿಗೆ ಎಲ್ಲಿದೆ, ಇರುವುದು ಕುಕ್ಕರು, ಎರಡು ಉರಿಯ ಗ್ಯಾಸಿನ ಒಲೆ. ಆದರೂ ಮಾತು ಗಡಿಗೆಯದೇ. ಎಲ್ಲರ ತಾಟಿನಲ್ಲೂ ಒಂದೇ ಅಡುಗೆ, ಒಂದೇ ಬಣ್ಣ. ಅದಕ್ಕೆ ಕಾರಣವನ್ನು ಅತ್ತೆ ನನಗೆ ಹೇಳಿದ್ದರು. ಮಾವ ಹುಡುಗನಿದ್ದಾಗ ಅವರ ದೊಡ್ಡ ಅತ್ತಿಗೆ ಜಡ್ಡಿನ ಮಗುವಿಗೆಂದು ಬೇರೆ ಗಂಜಿ ಇಟ್ಟರಂತೆ. ಮಗುವಿಗೆ ಆರಾಮಾದ ಮೇಲೂ ಆ ಬೇರೆ ಪಾತ್ರೆ ಕೆಳಗೆ ಇಳಿಯಲಿಲ್ಲವಂತೆ. ವರ್ಷ ತುಂಬುವಷ್ಟರಲ್ಲಿ ಪಡಸಾಲೆಯ ನಡುವೆ ಗೋಡೆ ಎದ್ದಿತು, ಅಣ್ಣತಮ್ಮಂದಿರು ಮಾತು ಬಿಟ್ಟರು. ಈಗ ತಾಟು ಬಡಿಯುವ ಗೋಡೆ ಅದೇ. ಮಾವನ ಮಟ್ಟಿಗೆ ಬೇರೆ ಪಾತ್ರೆ ಎಂದರೆ ಮನೆ ಒಡೆಯುವ ಸದ್ದು. ಇದೆಲ್ಲ ನನಗೆ ಅರ್ಥವಾಗುತ್ತಿತ್ತು. ಅರ್ಥವಾದದ್ದಕ್ಕೆ ಸಿಟ್ಟು ಕಡಿಮೆಯಾಗಲಿಲ್ಲ.

ಐದು ಜನರ ಮನೆಗೆ ಒಂದೇ ಅಡುಗೆ ಎಂದರೆ ಹೇಳಲು ಚೆಂದ. ನನ್ನ ಗಂಡನಿಗೆ ಮೂವತ್ತೆಂಟಕ್ಕೇ ಸಕ್ಕರೆ ಕಾಯಿಲೆ ಬಂತು. ಅವರು ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ, ಬೆಳಿಗ್ಗೆ ಹೋದರೆ ಸಂಜೆ ಬರುತ್ತಾರೆ. ಮಗಳಿಗೆ ಹುಟ್ಟಿದಂದಿನಿಂದ ಹಾಲು ಆಗಿಬರುವುದಿಲ್ಲ, ಒಂದು ಲೋಟ ಕುಡಿದರೆ ಇಡೀ ದಿನ ಹೊಟ್ಟೆ ಹಿಡಿದುಕೊಂಡು ಅಳುತ್ತಾಳೆ. ಮಾವನಿಗೆ ಬಿಪಿ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಅವರು ಡಾಕ್ಟರನ್ನೇ ಬದಲಿಸಿದರು. ನಾನು ಏನು ಕೊಟ್ಟರೂ ತಿನ್ನುವವಳು, ಹಾಗಾಗಿ ನನ್ನ ಮಾತು ಬಿಡಿ.

ಗಂಡನಿಗೆ ಸಕ್ಕರೆ ಎಂದು ಗೊತ್ತಾದ ವಾರ ನಾನು ನವಣೆ ತಂದು, ಅಕ್ಕಿಯ ಬದಲು ಅವರಿಗೊಬ್ಬರಿಗೇ ನವಣೆಯ ಅನ್ನ ಮಾಡಿದೆ. ಹೊಸಬಳೇನಲ್ಲ, ಮದುವೆಯಾಗಿ ಏಳೆಂಟು ವರ್ಷ ಆಗಿತ್ತು. ಆದರೂ ಗಂಡನ ಆರೋಗ್ಯ ಎಂದರೆ ಮಾವ ಸುಮ್ಮನಿರುತ್ತಾರೆ ಎಂದುಕೊಂಡದ್ದು ನನ್ನ ಪೆದ್ದುತನ. ಮಾವ ತಾಟಿಗೆ ಕೈ ಹಾಕುವ ಮೊದಲು ಎಲ್ಲರ ತಾಟಿನ ಮೇಲೂ ಕಣ್ಣು ಹಾಯಿಸುವವರು. ಮಗನ ತಾಟಿನಲ್ಲಿ ಹಳದಿ ಅನ್ನ ಕಂಡಿತು.

"ನನ್ನ ಮನ್ಯಾಗ ಎರಡನೇ ಗಡಿಗಿ ಯಾರು ಇಟ್ಟಾರ?"

ಉತ್ತರಕ್ಕೆ ಕಾಯಲಿಲ್ಲ. ಮಗನ ತಾಟು ಅವನ ಮುಂದಿನಿಂದ ಎದ್ದು ಗೋಡೆಗೆ ಬಡಿಯಿತು. ಬಿಸಿ ನವಣೆ ನನ್ನ ಮಗಳ ತಲೆಯ ಮೇಲೆ ಉದುರಿತು. ಅತ್ತೆ ನನಗೂ ಅವರಿಗೂ ನಡುವೆ ಬಂದು ನಿಂತರು, ಮಾವ ಕೈಗೆ ಸಿಕ್ಕ ಹಿತ್ತಾಳೆ ತಂಬಿಗೆಯಿಂದ ಅವರ ಭುಜಕ್ಕೆ ಹೊಡೆದರು. ತಂಬಿಗೆಯ ನೀರು ಅತ್ತೆಯ ಮೈಮೇಲೆಲ್ಲ ಚೆಲ್ಲಿತು. ನನ್ನ ಗಂಡ ಎದ್ದು ಕೈ ತೊಳೆಯಲು ಹೋದರು. ಜಗಳದ ಹೊತ್ತಿಗೆ ಎದ್ದು ಕೈ ತೊಳೆಯುವುದರಲ್ಲಿ ಅವರಷ್ಟು ಚುರುಕು ಮನುಷ್ಯನನ್ನು ನಾನು ಕಂಡಿಲ್ಲ. ಅಂದು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಆ ತಾಟನ್ನು ರುಬ್ಬುಗುಂಡಿನಿಂದ ಜಜ್ಜಿದೆ. ಅದು ಸೊಟ್ಟಗಾಗಿ ನೆಲದ ಮೇಲೆ ನಿಲ್ಲದ ಹಾಗಾಯಿತು. ಜಜ್ಜುವಾಗ ಯಾರ ತಲೆ ನೆನೆದುಕೊಂಡೆ ಎಂದು ಬರೆಯಲು ನನಗೇನೂ ಸಂಕೋಚವಿಲ್ಲ. ಗೋಡೆಯ ಎರಡನೆಯ ತಗ್ಗು ಅದು.

ಆಮೇಲೆ ನಾನು ಬುದ್ಧಿ ಕಲಿತೆ. ಗಡಿಗೆ ಒಂದೇ ಇರಲಿ, ಅದರಿಂದ ತೆಗೆಯುವ ಹೊತ್ತು ಬೇರೆ ಬೇರೆ ಇರಲಿ ಎಂದುಕೊಂಡೆ. ಬೇಳೆಯೋ ಕಾಳೋ ಬೆಂದು ಕೆಂಪು ಖಾರಪುಡಿ ಬಿದ್ದ ಮೇಲೆ, ಬೆಲ್ಲ ಬೀಳುವ ಮೊದಲು ಗಂಡನದು ತೆಗೆಯುವುದು. ಕೆನೆಯೋ ಹಾಲೋ ಬೀಳುವ ಮೊದಲು ಮಗಳದು. ಕಡೆಗೆ ಉಳಿದದ್ದಕ್ಕೆ ಗುಂಟೂರಿನ ಖಾರ ಸುರಿದರೆ ಮಾವನದು. ನವಣೆ ಬಿಟ್ಟೆ, ಗಂಡನಿಗೆ ಜೋಳದ ರೊಟ್ಟಿ ಒಂದು ಹೆಚ್ಚು ಹಾಕಿ, ಅನ್ನವನ್ನು ಅಗಲವಾಗಿ ಹರಡಿ ತುಂಬಾ ಇದೆ ಎನ್ನಿಸುವ ಹಾಗೆ ಬಡಿಸಿದೆ. ಮಾವನ ಸಾರಿಗೆ ವಾರಕ್ಕೊಂದು ಚಿಟಿಕೆಯಂತೆ ಉಪ್ಪು ಇಳಿಸುತ್ತ ಬಂದೆ. ಅಡುಗೆಮನೆಯ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಲ್ಲಿ ಯಾವ ವಾರಕ್ಕೆ ಏನು ಎಂದು ಬರೆದಿಟ್ಟಿದ್ದೆ. ತೆಗೆದಿಟ್ಟ ಬಟ್ಟಲುಗಳ ಮೇಲೆ ಬುಟ್ಟಿ ಮುಚ್ಚಿ, ಬಡಿಸುವ ಹೊತ್ತಿಗೆ ಹೊರತರುತ್ತಿದ್ದೆ. ಕಳ್ಳತನ ಎಂದರೆ ಕಳ್ಳತನ. ಚೆನ್ನಾಗಿ ನಡೆಯಿತು.

ನಡೆಯದ್ದು ಅತ್ತೆಯ ಭುಜ. ತಂಬಿಗೆಯ ಏಟು ಬಿದ್ದಲ್ಲಿ ಮೂಳೆ ಮುರಿದಿರಲಿಲ್ಲ, ಆದರೆ ಕೈ ಮೇಲಕ್ಕೆತ್ತಿದರೆ ಜೀವ ಹೋಗುತ್ತದೆ ಎನ್ನುತ್ತಿದ್ದರು. ಔಷಧದಂಗಡಿಯಿಂದ ನೋವಿನ ಗುಳಿಗೆ ತರಿಸಿ ನುಂಗುತ್ತಿದ್ದರು, ಬೆಳಿಗ್ಗೆ ಒಂದು ಸಂಜೆ ಒಂದು, ಎಷ್ಟೋ ಸಲ ಬರಿಹೊಟ್ಟೆಯಲ್ಲಿ. ಎರಡು ವರ್ಷ ಹಾಗೆ ನಡೆದ ಮೇಲೆ ಹೊಟ್ಟೆಯೊಳಗೆ ಕೆಂಡ ಇಟ್ಟಂತೆ ಆಗುತ್ತದೆ ಎಂದು ಊಟವನ್ನೇ ಬಿಟ್ಟರು. ರಾಣೆಬೆನ್ನೂರಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಗಂಟಲಿನಿಂದ ಕೊಳವೆ ಇಳಿಸಿ ನೋಡಿ, ಹೊಟ್ಟೆಯಲ್ಲಿ ಹುಣ್ಣಾಗಿದೆ, ನೋವಿನ ಗುಳಿಗೆಯನ್ನು ಇಂದೇ ಬಿಡಬೇಕು, ಖಾರ ಮುಟ್ಟಬಾರದು, ಸ್ವಲ್ಪ ಸ್ವಲ್ಪವೇ ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದರು. ಭುಜಕ್ಕೆ ಏನಾಯಿತು ಎಂದು ಕೇಳಿದರು. ಬಚ್ಚಲಿನಲ್ಲಿ ಜಾರಿ ಬಿದ್ದೆ ಎಂದರು ಅತ್ತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ನನ್ನ ತೊಡೆಯನ್ನು ಚಿವುಟಿ ಹಿಡಿದರು.

ಈಗ ಎಲ್ಲರಿಗಿಂತ ಕಷ್ಟದ ತಾಟು ಅತ್ತೆಯದಾಯಿತು. ಉಪ್ಪು, ಬೆಲ್ಲ, ಹಾಲು ಕಣ್ಣಿಗೆ ಬೀಳುವುದಿಲ್ಲ. ಖಾರ ಬೀಳುತ್ತದೆ. ಬಿಳಿ ಪಲ್ಯ ಇಟ್ಟರೆ ತಾಟು ಹಾರುತ್ತದೆ, ಕೆಂಪು ಪಲ್ಯ ಇಟ್ಟರೆ ಹುಣ್ಣು ಹರಿಯುತ್ತದೆ. ಬೀಟ್‌ರೂಟಿನ ರಸ ಹಾಕೋಣವೆಂದರೆ ಮಾವನ ಕಣ್ಣು ಅದನ್ನು ಒಂದು ಗಳಿಗೆಯಲ್ಲಿ ಹಿಡಿದುಬಿಡುತ್ತದೆ. ಮೂರು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಅಂಗಳದಲ್ಲಿ ಒಣಗಲು ಹಾಕಿದ್ದ ನಮ್ಮೂರ ಕಾಯಿಯೇ ಕಣ್ಣಿಗೆ ಬಿತ್ತು. ತೊಟ್ಟು ಮುರಿದು, ಸೀಳಿ, ಬೀಜವನ್ನೂ ಒಳಗಿನ ಬಿಳಿ ನಾರನ್ನೂ ಉಗುರಿನಿಂದ ಕೆರೆದು ತೆಗೆದು, ಬಿಸಿನೀರಿನಲ್ಲಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿದೆ. ನಾಲಿಗೆಗೆ ಇಟ್ಟುಕೊಂಡು ನೋಡಿದೆ. ಏನೂ ಇಲ್ಲ, ಬರೇ ಬಣ್ಣ. ಡಾಕ್ಟರಿಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ, ನನ್ನ ನಾಲಿಗೆಯ ಮೇಲೆ ನನಗೆ ಅಷ್ಟು ಧೈರ್ಯ.

ಮೊದಲ ದಿನ ಆ ಬಣ್ಣ ಹಾಕಿದ ಹೀರೇಕಾಯಿ ಪಲ್ಯವನ್ನು ಅತ್ತೆಗೆ ಬಡಿಸಿದೆ. ಮಾವ ಅತ್ತೆಯ ತಾಟಿನತ್ತ ಬಗ್ಗಿ ನೋಡಿದರು. ಹೆಂಡತಿಯ ತಾಟಿನಿಂದ ಒಂದು ತುತ್ತನ್ನೂ ಎತ್ತುವ ರೂಢಿ ಅವರಿಗಿರಲಿಲ್ಲ, ಆ ರೂಢಿಯನ್ನೇ ನಾನು ನಂಬಿಕೊಂಡಿದ್ದೆ.

"ಈ ಸಲದ ಕಾಯಿ ಬಣ್ಣ ಚಲೋ ಬಿಟ್ಟೈತಿ" ಎಂದರು.

ಅತ್ತೆ ತಲೆ ಬಗ್ಗಿಸಿ ತುತ್ತು ನುಂಗಿದರು. ಅವರ ಹೆಗಲು ಕುಲುಕುತ್ತಿತ್ತು. ನಗುವನ್ನು ಹಿಡಿದುಕೊಂಡಿದ್ದರು ಎಂದು ನನಗೆ ಆಮೇಲೆ ಅಡುಗೆಮನೆಯಲ್ಲಿ ಗೊತ್ತಾಯಿತು. ಇಬ್ಬರೂ ಬಾಗಿಲು ಮುಚ್ಚಿಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆವು. ಆ ಮನೆಯಲ್ಲಿ ನಾವಿಬ್ಬರೂ ಜೊತೆಯಾಗಿ ನಕ್ಕದ್ದು ಅದೇ ಮೊದಲು. ಊರಿನಲ್ಲೇ ದೊಡ್ಡ ಕಣ್ಣು ಎನ್ನಿಸಿಕೊಂಡವರ ಕಣ್ಣಿಗೇ ಅವರ ಸರಕಿನಿಂದಲೇ ಮಣ್ಣು ಎರಚಿದೆ ಎಂದು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ವಾರಗಟ್ಟಲೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆ ಗುಟ್ಟಿಗೂ ಒಂದು ಏಟು ಬಿತ್ತು, ಅದನ್ನು ಕೊಟ್ಟವಳು ನಾನೇ. ಒಂದು ಸಂಜೆ ಮಗಳು ಅಜ್ಜಿಯ ಬಟ್ಟಲಿಗೆ ಬೆರಳದ್ದಿ ನೆಕ್ಕಿ, ಅಜ್ಜಿಯ ಪಲ್ಯ ಖಾರವೇ ಇಲ್ಲ ಎಂದು ಹೇಳುತ್ತ ಪಡಸಾಲೆಗೆ ಹೊರಟಳು. ಅಲ್ಲಿ ಮಾವ ಪೇಪರು ಓದುತ್ತಿದ್ದರು. ಜುಟ್ಟು ಹಿಡಿದು ಒಳಗೆಳೆದು ಬಾಯಿಯ ಮೇಲೆ ಹೊಡೆದೆ. ತುಟಿ ಹಲ್ಲಿಗೆ ಸಿಕ್ಕು ಒಡೆಯಿತು. ಒಂಬತ್ತು ವರ್ಷದ ಹುಡುಗಿ, ಏಕೆ ಹೊಡೆದೆ ಎಂದು ಸಹ ಕೇಳಲಿಲ್ಲ. ಆ ಮನೆಯಲ್ಲಿ ಊಟದ ಹೊತ್ತಿಗೆ ಏಟು ಬೀಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ನಾಚಿಕೆಯಾದ ದಿನ ನನ್ನ ಬದುಕಿನಲ್ಲಿಲ್ಲ.

ಆರು ತಿಂಗಳು ಅತ್ತೆ ಚೆನ್ನಾಗಿದ್ದರು. ಕೆನ್ನೆ ತುಂಬಿಕೊಂಡಿತು. ಗುಳಿಗೆ ಬಿಟ್ಟಿದ್ದರು, ಭುಜಕ್ಕೆ ನಾನು ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಅಷ್ಟರಲ್ಲಿ ಮಾವ ದೇವರಗುಡ್ಡದಲ್ಲಿ ಯಾರದೋ ಮದುವೆಗೆ ಹೋಗಿ ಉಂಡುಬಂದರು. ಮದುವೆಯ ಸಾರಿನ ಉಪ್ಪು ನಾಲಿಗೆಯ ಮೇಲೆ ಇನ್ನೂ ಇತ್ತೆಂದು ಕಾಣುತ್ತದೆ. ಮರುದಿನ ನಮ್ಮ ಮನೆಯ ಸಾರಿನ ಮೊದಲ ತುತ್ತಿಗೇ ಮುಖ ಗಂಟಿಕ್ಕಿದರು. ಎರಡನೆಯ ತುತ್ತಿಗೆ ತಾಟು ಎತ್ತಿದರು. ಎಷ್ಟು ದಿನದಿಂದ ನನಗೆ ಸಪ್ಪನೆಯದು ಹಾಕುತ್ತಿದ್ದೀರಿ, ನಾನೇನು ಜಡ್ಡಿನವನೇ ಎಂದು ಕೂಗಿದರು. ನಾನು ಎದ್ದು ನಿಂತೆ, ಹೇಳಿಯೇ ಬಿಡೋಣ ಎಂದು.

"ಉಪ್ಪು ಹಾಕಿದಾಕಿ ನಾನ" ಎಂದರು ಅತ್ತೆ, ಕೂತಲ್ಲಿಂದಲೇ. "ಕೈ ಮರತು ಕಡಿಮಿ ಬಿತ್ತು."

ತಾಟು ಗೋಡೆಗೆ ಹೋಗುವ ದಾರಿಯಲ್ಲಿ ಅತ್ತೆಯ ಭುಜವಿತ್ತು. ಹಳೆಯ ನೋವಿನ ಭುಜವೇ. ಅಂಚು ಮೊದಲು ಅಲ್ಲಿ ಬಡಿದು, ಆಮೇಲೆ ಗೋಡೆಗೆ ಬಡಿದು ಮೂರನೆಯ ತಗ್ಗು ಮಾಡಿತು. ಸಾರು ಸುಡುತ್ತಿತ್ತು. ಮಾವ ಬುಟ್ಟಿಯಲ್ಲಿದ್ದ ರೊಟ್ಟಿಗಳನ್ನು ಕಾಲಿನಿಂದ ಒದ್ದು ಹೊರಗೆ ಹೋದರು. ಅತ್ತೆಯ ಕುಪ್ಪಸ ಬಿಚ್ಚಿ ನೋಡಿದೆ, ಅಂಗೈ ಅಗಲ ಚರ್ಮ ಕೆಂಪಾಗಿ ಗುಳ್ಳೆಯೆದ್ದಿತ್ತು. ಉಪ್ಪು ಇಳಿಸಿದವಳು ನಾನು, ಏಟು ತಿಂದವರು ಅವರು. ನಾನು ಬಾಯಿಗೆ ಬಂದಂತೆ ಬಯ್ದೆ, ಮಾವನನ್ನಲ್ಲ, ಅತ್ತೆಯನ್ನು. ನಿಮಗೆ ಯಾರು ಹೇಳಿದ್ದರು ನಡುವೆ ಬಾಯಿ ಹಾಕಲು ಎಂದು. ಅವರು ನನ್ನ ಕೈಯಿಂದ ಮುಲಾಮು ಇಸಿದುಕೊಂಡು ತಾವೇ ಹಚ್ಚಿಕೊಂಡರು.

ಅಂದಿನಿಂದ ಅವರು ನನಗೆ ಗೊತ್ತಾಗದಂತೆ ಮತ್ತೆ ನೋವಿನ ಗುಳಿಗೆ ನುಂಗತೊಡಗಿದರು. ಪಕ್ಕದ ಮನೆಯವಳ ಕೈಯಲ್ಲಿ ತರಿಸಿ, ಅರಿಶಿನದ ಡಬ್ಬಿಯ ತಳದಲ್ಲಿ ಇಟ್ಟುಕೊಂಡಿದ್ದರು. ನಾನು ಮನೆಯವರೆಲ್ಲರ ಕಣ್ಣು ತಪ್ಪಿಸಿ ಅಡುಗೆ ಮಾಡುವವಳು, ನನ್ನ ಕಣ್ಣು ತಪ್ಪಿಸುವವರೊಬ್ಬರು ಅದೇ ಅಡುಗೆಮನೆಯಲ್ಲಿದ್ದರು.

ಒಂದು ಬೆಳಿಗ್ಗೆ ಬಚ್ಚಲು ತೊಳೆಯಲು ಹೋದಾಗ ಮೂಲೆಯ ಕಲ್ಲಿನ ಮೇಲೆ ಕೆಂಪು ಕಂಡಿತು. ನೀರು ಹಾಕಿದ್ದರೂ ಅಂಚಿನಲ್ಲಿ ಉಳಿದಿತ್ತು. ಅತ್ತೆ ಹೊಸ್ತಿಲ ಹೊರಗೆ ಕೂತು ಬಾಯಿ ಒರೆಸಿಕೊಳ್ಳುತ್ತಿದ್ದರು. ಏನಿದು ಎಂದು ಕೇಳಿದೆ.

"ವಾಂತಿ ಆತು. ಬರೇ ಬಣ್ಣ ಐತಿ, ಅಂಜಬ್ಯಾಡ. ನಿನ್ನೆ ಪಲ್ಯಾ ಜಾಸ್ತಿ ಉಂಡ್ನಿ."

ನಾನು ನಂಬಿದೆ. ನಂಬಿದೆ ಎನ್ನುವುದು ಕೂಡ ಪೂರ್ತಿ ಮಾತಲ್ಲ, ನಂಬಿ ಹಗುರಾದೆ. ಹಿಂದಿನ ದಿನ ಸೋಸಿದ ಬಣ್ಣ ದಟ್ಟವಾಗಿತ್ತು, ಬೆರಳಿನಿಂದ ಹೋಗಿರಲಿಲ್ಲ. ಈ ಊರಿನಲ್ಲಿ ಕೆಂಪು ಎಲ್ಲೆಲ್ಲೂ ಇದೆ. ಅಂಗಳದಲ್ಲಿ, ಅಂಗೈಯಲ್ಲಿ, ಒಗೆಯುವ ಕಲ್ಲಿನ ಮೇಲೆ, ಗಾಳಿ ಬಂದರೆ ಹಾಸಿಗೆಯ ಮೇಲೂ. ಅದನ್ನು ನೋಡಿ ಬೆಚ್ಚುವುದನ್ನು ನಾವು ಸಣ್ಣವರಿದ್ದಾಗಲೇ ಬಿಟ್ಟಿರುತ್ತೇವೆ. ಬಿಂದಿಗೆ ನೀರು ಸುರಿದು ತೊಳೆದೆ. ಮರುದಿನ ಮತ್ತೆ ಕಂಡಿತು. ಬಣ್ಣ ಸ್ವಲ್ಪ ಕಡಿಮೆ ಹಾಕಬೇಕು ಎಂದುಕೊಂಡು ಕ್ಯಾಲೆಂಡರಿನ ಬೆನ್ನಿಗೆ ಹಾಗೆಂದು ಬರೆದೆ.

ಮೂರನೆಯ ದಿನ ಹನ್ನೊಂದರ ಸುಮಾರಿಗೆ ಅತ್ತೆ ಒಗೆಯುವ ಕಲ್ಲಿನ ಬಳಿ ಬಿದ್ದರು. ಮುಖ ಬೂದಿಯಂತಾಗಿತ್ತು. ಎತ್ತಿ ಕೂರಿಸುವಷ್ಟರಲ್ಲಿ ಬಾಯಿಂದ ಬಂದದ್ದನ್ನು ಕೈಯಲ್ಲಿದ್ದ ಬಿಳಿ ಟವೆಲಿನಲ್ಲಿ ಹಿಡಿದೆ. ಅದು ಬಿಸಿ ಇತ್ತು. ಗಡ್ಡೆಗಡ್ಡೆಯಾಗಿತ್ತು. ಮೆಣಸಿನಕಾಯಿ ಗಡ್ಡೆಯಾಗುವುದಿಲ್ಲ ಎಂಬುದು ಆಗ ನನ್ನ ತಲೆಗೆ ಹೊಳೆಯಿತು. ಮಾವನಿಗೆ ಫೋನ್ ಮಾಡಿದೆ, ಮಾರುಕಟ್ಟೆಯಲ್ಲಿ ಕಾಯಿಗೆ ದರ ಬರೆಯುವ ಟೆಂಡರಿನ ಹೊತ್ತು, ಎತ್ತಲಿಲ್ಲ. ಓಣಿಯವರ ಕಾರಿನಲ್ಲಿ ಹಾಕಿಕೊಂಡು ಹಾವೇರಿಗೆ ಓಡಿದೆ. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಸಾಯಬೇಡಿ, ಸತ್ತರೆ ನಾನು ನಿಮ್ಮನ್ನು ಬಿಡುವುದಿಲ್ಲ ಎಂದು ಏನೇನೋ ಬಯ್ಯುತ್ತಿದ್ದೆನಂತೆ. ಕಾರು ಓಡಿಸಿದವರು ಆಮೇಲೆ ಹೇಳಿದರು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು, ಬೇರೆ ಕಡೆಯವರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಮೂರು ದಿನದಿಂದ ಎಂದೆ. ಹಾಗಾದರೆ ಮೊದಲ ದಿನವೇ ಏಕೆ ತರಲಿಲ್ಲ ಎಂದರು. ಮೆಣಸಿನಕಾಯಿಯ ಬಣ್ಣ ಎಂದುಕೊಂಡೆ ಎಂದು ಹೇಳಿದಾಗ ಅವರು ನನ್ನನ್ನು ಬುದ್ಧಿ ನೆಟ್ಟಗಿಲ್ಲದವಳನ್ನು ನೋಡುವಂತೆ ನೋಡಿದರು. ಬಾಟಲಿ ಕಟ್ಟುತ್ತಿದ್ದ ನರ್ಸ್ ಬ್ಯಾಡಗಿ ಪಕ್ಕದ ಕದರಮಂಡಲಗಿಯವಳು. ಅವಳು ಮಾತ್ರ ತಲೆಯೆತ್ತಲಿಲ್ಲ.

"ಬ್ಯಾಡಗಿ ಕಡೆ ಕೆಂಪು ಕಂಡ್ರ ಮೊದಲ ಕಾಯಿನ ನೆನಪಾಗತೈತ್ರಿ ಸರ್" ಎಂದಳು.

ಮೂರು ಬಾಟಲಿ ರಕ್ತ ಏರಿಸಿದರು. ಮತ್ತೆ ಕೊಳವೆ ಇಳಿಸಿ ಹುಣ್ಣಿನಿಂದ ಹರಿಯುತ್ತಿದ್ದ ರಕ್ತವನ್ನು ನಿಲ್ಲಿಸಿದರು. ಇನ್ನೊಂದು ದಿನ ತಡವಾಗಿದ್ದರೆ ನನ್ನ ಕೈಯಲ್ಲಿ ಇರುತ್ತಿರಲಿಲ್ಲ ಎಂದರು ಡಾಕ್ಟರು. ರಾಣೆಬೆನ್ನೂರಿನಿಂದ ಬಸ್ಸು ಹಿಡಿದು ಬಂದ ನನ್ನ ಗಂಡ ಗೋಡೆಗೆ ಒರಗಿ ನಿಂತು ಅತ್ತರು. ಅಲ್ಲಿ ಕೈ ತೊಳೆಯಲು ನಲ್ಲಿ ಹತ್ತಿರದಲ್ಲೇ ಇತ್ತು, ಆದರೂ ಹೋಗಲಿಲ್ಲ. ಮಾವ ಸಂಜೆ ಬಂದರು. ವಾರ್ಡಿನ ಬಾಗಿಲಲ್ಲೇ ನಿಂತು, ತೂಗುಹಾಕಿದ್ದ ಬಾಟಲಿಯನ್ನು ನೋಡಿ, ಒಳಗೆ ಬಾರದೆ ಹೊರಟುಹೋದರು.

ಮರುದಿನ ಬೆಳಿಗ್ಗೆ ಅತ್ತೆ ಕಣ್ಣು ತೆರೆದರು. ನನ್ನಿಂದ ತಪ್ಪಾಯಿತು, ನಿಮ್ಮ ರಕ್ತವನ್ನು ನನ್ನ ಬಣ್ಣ ಎಂದುಕೊಂಡು ತೊಳೆದುಬಿಟ್ಟೆ ಎಂದು ಅವರ ಕಾಲು ಹಿಡಿದುಕೊಂಡೆ.

"ನನಗ ಮೊದಲನೇ ದಿವಸನ ಗೊತ್ತಿತ್ತವಾ" ಎಂದರು. "ಬಾಯಾಗ ಬಂದಾಗ ಗೊತ್ತಾಗೂದಿಲ್ಲೇನು? ನೀ ಬಣ್ಣ ಅಂತ ತಿಳಕೊಂಡಿ, ಹಂಗ ಇರಲಿ ಅಂದ್ನಿ. ರಕ್ತ ಅಂತ ಗೊತ್ತಾದ್ರ ನೀ ಬ್ಯಾರೆ ಗಡಿಗಿ ಇಡ್ತಿದ್ದಿ. ಅವ್ರು ನಿನಗ ಹೊಡೀತಿದ್ರು."

ಹಾಸಿಗೆಯ ಮೇಲೆ ಮಲಗಿದ್ದ, ಮೈಯಲ್ಲಿ ಬೇರೆಯವರ ರಕ್ತ ಹರಿಯುತ್ತಿದ್ದ ಆ ಮುದುಕಿಯ ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು ನನಗೆ. ಖರೇ ಹೇಳುತ್ತೇನೆ, ಕೈ ಎದ್ದಿತ್ತು. ಆ ಕೈಯನ್ನೇ ಅವರ ಹಣೆಯ ಮೇಲೆ ಇಟ್ಟೆ. ನನ್ನ ಜಾಣತನವನ್ನು ಅವರು ಸೆರಗಿನಂತೆ ಹೊದ್ದುಕೊಂಡು ಸಾಯಲು ಹೊರಟಿದ್ದರು. ನಾನು ಅವರನ್ನು ಬಚ್ಚಿಟ್ಟದ್ದಲ್ಲ, ಬಚ್ಚಿಟ್ಟುಕೊಳ್ಳಲು ಅವರಿಗೆ ಜಾಗ ಮಾಡಿಕೊಟ್ಟದ್ದು.

ಆಮೇಲೆ ಅರಿಶಿನದ ಡಬ್ಬಿಯ ಗುಳಿಗೆಯ ಮಾತನ್ನೂ ಅವರೇ ಹೇಳಿದರು. ಅಂದು ಮಧ್ಯಾಹ್ನ ಅತ್ತೆಯ ಬಟ್ಟೆ ತರಲೆಂದು ಬ್ಯಾಡಗಿಗೆ ಬಂದೆ. ಮಾವ ಪಡಸಾಲೆಯಲ್ಲಿ ಕೂತಿದ್ದರು. ಎಷ್ಟು ದಿನ ಇಡುತ್ತಾರಂತೆ ಎಂದು ಕೇಳಿದರು. ಐದಾರು ದಿನ ಎಂದೆ. ಊಟಕ್ಕೆ ಏನಿದೆ ಎಂದು ಕೇಳಿದರು.

ಒಗೆಯುವ ಕಲ್ಲಿನ ಬಳಿ ಹೋಗಿ ನೋಡಿದೆ, ಆ ಟವೆಲು ಬಿದ್ದಲ್ಲೇ ಬಿದ್ದಿತ್ತು. ಒಣಗಿ ಕಟ್ಟಿಗೆಯಾಗಿತ್ತು. ಮಾವನ ಮುಂದೆ ಮಣೆ ಹಾಕಿ, ತಾಟು ಇಟ್ಟು, ನೀರಿಟ್ಟು, ಟವೆಲನ್ನು ಮಡಚಿ ತಾಟಿನೊಳಗೆ ಬಡಿಸಿದೆ. ಅವರು ಕೈ ಎತ್ತಿದ್ದರೆ ಅಂದು ನಾನೂ ಎತ್ತುತ್ತಿದ್ದೆ. ಲಟ್ಟಣಿಗೆಯನ್ನು ಬೆನ್ನ ಹಿಂದೆ ಸೀರೆಗೆ ಸಿಕ್ಕಿಸಿಕೊಂಡೇ ಬಂದಿದ್ದೆ.

"ಬಣ್ಣ ನೋಡ್ರಿ ಮಾವಾರ" ಎಂದೆ.

ಐವತ್ತು ವರ್ಷದ ಕೈ ರೂಢಿ. ಅವರಿಗೆ ತಿಳಿಯುವ ಮೊದಲೇ ಹೆಬ್ಬೆರಳು ಟವೆಲಿನ ಮೇಲೆ ಹೋಗಿತ್ತು. ಮೆಲ್ಲಗೆ ತಿಕ್ಕಿದರು. ಅಂಚನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತೂ ಆಗಿರಲಿಲ್ಲ.

"ಇದು ಬಣ್ಣಲ್ಲ" ಎಂದರು. "ಬಣ್ಣ ಒಣಗಿದ್ರ ಕಪ್ಪಾಗೂದಿಲ್ಲ. ಇದು ರಕ್ತ."

ಮೂರು ದಿನ ನಾವು ಇದನ್ನೇ ಬಣ್ಣ ಎಂದುಕೊಂಡು ತೊಳೆದೆವು ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಬುಟ್ಟಿಯ ಕೆಳಗಿನ ಬಟ್ಟಲುಗಳನ್ನು, ಬೀಜ ತೆಗೆದ ಕಾಯಿಯನ್ನು, ಉಪ್ಪು ಇಳಿಸಿದವಳು ನಾನೆಂಬುದನ್ನು, ಅರಿಶಿನದ ಡಬ್ಬಿಯ ಗುಳಿಗೆಯನ್ನು. ಅವರು ಟವೆಲಿನಿಂದ ಕಣ್ಣು ತೆಗೆಯಲಿಲ್ಲ.

"ನನಗ್ಯಾಕ ತೋರಿಸಲಿಲ್ಲ?" ಎಂದರು. "ನಾ ಒಮ್ಮೆ ನೋಡಿದ್ರ ಸಾಕಿತ್ತಲ್ಲ."

ನಾನು ಗೋಡೆಯ ಕಡೆ ಲಟ್ಟಣಿಗೆ ತೋರಿಸಿದೆ. ಅಲ್ಲಿ ಮೂರು ತಗ್ಗುಗಳಿದ್ದವು. ಆ ಮನೆಯಲ್ಲಿ ರಕ್ತವನ್ನೂ ಬಣ್ಣವನ್ನೂ ನೋಡಿದೊಡನೆ ಬೇರೆ ಮಾಡಿ ಹೇಳಬಲ್ಲ ಕಣ್ಣು ಇದ್ದದ್ದು ಒಬ್ಬರಿಗೇ. ಅವರಿಂದಲೇ ನಾವ್ಯಾರೂ ಏನನ್ನೂ ತೋರಿಸದೆ ಮುಚ್ಚಿಡುತ್ತಿದ್ದೆವು. ಅವರು ಎದ್ದು, ಟವೆಲಿನ ಸಮೇತ ತಾಟನ್ನು ತಾವೇ ಎತ್ತಿಕೊಂಡು ಹೋಗಿ ಬಚ್ಚಲಿನಲ್ಲಿ ಇಟ್ಟು ಬಂದರು. ಆ ದಿನ ಉಣ್ಣಲಿಲ್ಲ.

ಅತ್ತೆ ಮನೆಗೆ ಬಂದ ದಿನ ಮಾವ ಸಂತೆಯಿಂದ ಒಂದು ಸಣ್ಣ ಪಾತ್ರೆ ತಂದು ಒಲೆಯ ಪಕ್ಕ ಇಟ್ಟರು. ಅವಳಿಗೆ ಬೇರೆ ಇಡು ಎಂದರು, ಇಷ್ಟು ವರ್ಷ ಅದೊಂದು ಮಾತೇ ಆಗಿರಲಿಲ್ಲ ಎಂಬಂತೆ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ಸುಲಭವಾಗಿ ಹೇಳಬಹುದಾದ ಮಾತಿಗೆ ಒಂದು ಹೆಂಗಸು ಮೂರು ದಿನ ರಕ್ತ ಕಾರಬೇಕಾಯಿತೇ? ಪಾತ್ರೆಯನ್ನು ಮಾತ್ರ ಆ ದಿನದಿಂದಲೇ ಬಳಸಿದೆ. ಹೆಸರುಬೇಳೆ ಕಟ್ಟು, ಮೆತ್ತಗಿನ ಅನ್ನ, ಸೋರೆಕಾಯಿ, ಒಗ್ಗರಣೆಯಿಲ್ಲದ ಪಲ್ಯ. ಅತ್ತೆಯ ತಾಟು ಮೊದಲ ಸಲ ಬೆಳ್ಳಗಾಯಿತು. ಗಂಡನ ನವಣೆ ಕೂಡ ವಾಪಸು ಬಂತು, ಯಾರೂ ಏನೂ ಅನ್ನಲಿಲ್ಲ.

ಮಾವ ಈಗಲೂ ತಮ್ಮ ತಾಟಿಗೆ ಕೈ ಹಾಕುವ ಮೊದಲು ಅತ್ತೆಯ ತಾಟನ್ನು ಬಗ್ಗಿ ನೋಡುತ್ತಾರೆ. ಮೊದಲು ಕೆಂಪು ಇದೆಯೇ ಎಂದು ನೋಡುತ್ತಿದ್ದರು, ಈಗ ಇಲ್ಲವಷ್ಟೇ ಎಂದು ನೋಡುತ್ತಾರೆ. ಅತ್ತೆಯ ಔಷಧದ ಹೊತ್ತು ಅವರಿಗೇ ಸರಿಯಾಗಿ ನೆನಪಿರುತ್ತದೆ. ಅಪ್ಪ ಬದಲಾದರು ಎಂದು ನನ್ನ ಗಂಡ ಹೇಳತೊಡಗಿದರು. ಮಗಳು ಅಜ್ಜನ ಪಕ್ಕದಲ್ಲಿ ಕೂತು ಉಣ್ಣತೊಡಗಿದಳು. ನಾನೂ ಸ್ವಲ್ಪ ಸ್ವಲ್ಪ ನಂಬತೊಡಗಿದ್ದೆ.

ದೀಪಾವಳಿಗೆ ಎರಡು ವಾರ ಇರುವಾಗ, ಒಂದು ಮಧ್ಯಾಹ್ನ ನಾನು ಅವಸರದಲ್ಲಿ ಮಾವನ ಸಾರಿನ ಸೌಟನ್ನೇ ಅತ್ತೆಯ ಪಾತ್ರೆಗೂ ಹಾಕಿದೆ. ಗೊತ್ತಾಗಲಿಲ್ಲ. ಅತ್ತೆಯ ಬಿಳಿ ಅನ್ನದ ಮೇಲೆ ಬೆರಳುದ್ದದ ಒಂದು ಕೆಂಪು ಗೆರೆ ಬಿದ್ದಿತ್ತು. ಅತ್ತೆ ತುತ್ತು ಕಲಸಿ ಬಾಯಿಯ ಹತ್ತಿರ ತಂದಿದ್ದರು. ಮಾವ ಬಗ್ಗಿ ನೋಡಿದರು. ಹೇಳಲಿಲ್ಲ, ಕೇಳಲಿಲ್ಲ. ಅತ್ತೆಯ ಕೈಗೆ ಬಾರಿಸಿ ತುತ್ತು ಬೀಳಿಸಿ, ತಾಟು ಎತ್ತಿ ಗೋಡೆಗೆ ಬೀಸಿದರು. ನಾಲ್ಕನೆಯ ತಗ್ಗು ಅದು. ಅನ್ನ ಗೋಡೆಯಿಂದ ಮೆಲ್ಲಗೆ ಕೆಳಗೆ ಜಾರುತ್ತಿತ್ತು.

"ಕೆಂಪು ಬಂದಿತ್ತು" ಎಂದರು ಮಾವ. ಅವರ ಕಣ್ಣಲ್ಲಿ ನೀರಿತ್ತು. ಅದು ಪ್ರೀತಿಯೇ ಇರಬೇಕು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಅವರು ಅತ್ತೆಯ ಕಡೆ ತಿರುಗಿದರು, ನೀನು ತಿನ್ನಲಿಲ್ಲವಷ್ಟೇ ಎಂದು ಕೇಳುವವರಂತೆ.

ಅತ್ತೆ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು, ಗೋಡೆಯ ಮೂಲೆಗೆ ಸರಿದು, ಮುದುರಿ ಕೂತಿದ್ದರು. ಮೇಲೆತ್ತಿದರೆ ಜೀವ ಹೋಗುತ್ತದೆ ಎನ್ನುತ್ತಿದ್ದ ಆ ಕೈ ಕೂಡ ತಲೆಯ ಮೇಲಿತ್ತು. ಮಾವ ಅವರ ಹೆಸರು ಹಿಡಿದು ಎರಡು ಸಲ ಮೆಲ್ಲಗೆ ಕರೆದರು. ಅವರು ಎದ್ದು ಹೊರಗೆ ಹೋಗುವವರೆಗೂ ಅತ್ತೆ ಕೈ ಇಳಿಸಲಿಲ್ಲ.